ಓವಟಾನದ ರೈತರ ಬ್ಯಾಂಕು

ಹಣವನ್ನು ಕಾಯುವ ಮನೆಗೆ ಎಂಥ ಮುಖವಿರಬೇಕು ಎಂಬ ಪ್ರಶ್ನೆಗೆ ಅಮೆರಿಕದ ಬ್ಯಾಂಕುಗಳು ಬಹುಕಾಲದವರೆಗೆ ಕೊಡುತ್ತ ಬಂದ ಉತ್ತರ ಒಂದೇ: ಪ್ರಾಚೀನ ಗ್ರೀಕರ ದೇವಾಲಯದ ಮುಖ. ಫಿಲಡೆಲ್ಫಿಯ ನಗರದಲ್ಲಿ 1824ರಲ್ಲಿ ಮುಗಿದ ‘ಸೆಕೆಂಡ್ ಬ್ಯಾಂಕ್ ಆಫ್ ದಿ ಯುನೈಟೆಡ್ ಸ್ಟೇಟ್ಸ್’ ಎಂಬ ಸಂಸ್ಥೆಯ ಸೌಧಕ್ಕೆ ವಿಲಿಯಂ ಸ್ಟ್ರಿಕ್ಲೆಂಡನು ಅಥೆನ್ಸಿನ ಪಾರ್ಥೆನಾನ್ ದೇಗುಲದ ಆಕಾರವನ್ನೇ ತಂದಿಟ್ಟನು. ತರುವಾಯ ಊರೂರಿನಲ್ಲಿಯೂ, ಮುಂದೆ ಸಾಲಾಗಿ ಕಲ್ಲುಕಂಬಗಳೂ ಅವುಗಳ ಮೇಲೆ ತ್ರಿಕೋನಾಕಾರದ ಮುಡಿಯೂ ಇಲ್ಲದ ಬ್ಯಾಂಕು ಬ್ಯಾಂಕೇ ಅಲ್ಲವೆಂಬ ಭಾವನೆ ಬೇರೂರಿತು. ಇದು ಕೇವಲ ಆಡಂಬರದಿಂದ ಹುಟ್ಟಿದ ಪದ್ಧತಿಯಲ್ಲ. ಠೇವಣಿಗಳಿಗೆ ಕೇಂದ್ರ ಸರಕಾರದ ವಿಮೆಯೆಂಬುದು ಆ ದೇಶದಲ್ಲಿ 1933ರ ಕಾನೂನಿನಿಂದ ಬಂದುದು; ಅದಕ್ಕೆ ಮುಂಚೆ ಬ್ಯಾಂಕು ಮುಳುಗಿತೆಂದರೆ ಠೇವಣಿದಾರನ ಪಾಡು ಕೇಳುವವರಿಲ್ಲ. ಎರಡು ಸಾವಿರ ವರ್ಷಗಳಿಗೂ ಮಿಗಿಲಾಗಿ ನಿಂತ ಕಟ್ಟಡದ ವೇಷವನ್ನು ತೊಟ್ಟ ಸಂಸ್ಥೆ ನಾಳೆ ಬೆಳಗಾಗುವಷ್ಟರಲ್ಲಿ ಬಾಗಿಲು ಹಾಕಲಾರದೆಂಬ ಧೈರ್ಯವನ್ನು ಆ ಕಂಬಗಳು ಬಾಯಿಬಿಟ್ಟು ಹೇಳದೆಯೇ ಹೇಳುತ್ತಿದ್ದುವು.

ಇಂಥ ಕಾಲದಲ್ಲಿ, ಮಿನೆಸೋಟ ಸಂಸ್ಥಾನದ ದಕ್ಷಿಣ ಭಾಗದಲ್ಲಿ, ಮಿನಿಯಾಪೊಲಿಸ್ ನಗರದಿಂದ ಸುಮಾರು ನೂರು ಕಿಲೋಮೀಟರು ದೂರದಲ್ಲಿರುವ ಓವಟಾನ ಎಂಬ ಸಣ್ಣ ಊರಿನಲ್ಲಿ, ಒಂದು ಕಂಬವೂ ಇಲ್ಲದ ಬ್ಯಾಂಕು ಎದ್ದು ನಿಂತಿತು. ಸುತ್ತಲೂ ಹೊಲಗದ್ದೆ, ಹುಲ್ಲುಗಾವಲು, ಹೈನಿನ ದನಕರುಗಳು. ಊರಿನ ಜನಸಂಖ್ಯೆ ಆಗ ಐದಾರು ಸಾವಿರ. ಊರ ನಡುವಣ ಉದ್ಯಾನಕ್ಕೆ ಎದುರಾಗಿ, ಎರಡು ಬೀದಿಗಳು ಕೂಡುವ ಮೂಲೆಯಲ್ಲಿ, 1907–08ರಲ್ಲಿ ಕಟ್ಟಿದ ಈ ‘ನ್ಯಾಷನಲ್ ಫಾರ್ಮರ್ಸ್ ಬ್ಯಾಂಕ್’ ಇಂದು ಅಮೆರಿಕದ ರಾಷ್ಟ್ರೀಯ ಐತಿಹಾಸಿಕ ಸ್ಮಾರಕಗಳಲ್ಲಿ ಒಂದು. ಚಕ್ರವರ್ತಿಗಾಗಲಿ ಕೋಟ್ಯಧೀಶನಿಗಾಗಲಿ ಕಟ್ಟಿದುದಲ್ಲ. ಕೆಸರಿನ ಬೂಟು ತೊಟ್ಟು ಬರುವ ರೈತನಿಗಾಗಿ ಕಟ್ಟಿದುದು. ಆ ರೈತನಿಗೂ ಶ್ರೇಷ್ಠವಾದುದೇ ಸಲ್ಲಬೇಕೆಂದು ಒಬ್ಬ ಬ್ಯಾಂಕರನೂ ಒಬ್ಬ ವಾಸ್ತುಶಿಲ್ಪಿಯೂ ಮನಸ್ಸಾರೆ ನಂಬಿದುದರಿಂದ ಹುಟ್ಟಿದ ಕೃತಿ ಇದು.

ಬ್ಯಾಂಕರನ ಹೆಸರು ಕಾರ್ಲ್ ಬೆನೆಟ್. ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಓದಿ 1890ರಲ್ಲಿ ಪದವೀಧರನಾದ ಈತನ ಮನಸ್ಸು ನೆಟ್ಟಿದ್ದುದು ಸಂಗೀತದಲ್ಲಿ. ಆದರೆ ಮನೆತನದ ಬ್ಯಾಂಕು ಕರೆದುದರಿಂದ ಊರಿಗೆ ಹಿಂದಿರುಗಿ ಉಪಾಧ್ಯಕ್ಷನ ಕುರ್ಚಿಯಲ್ಲಿ ಕುಳಿತನು. ಹೊಸ ಕಟ್ಟಡದ ಅಗತ್ಯ ಬಿದ್ದಾಗ ಈತನಿಗೂ ಬ್ಯಾಂಕಿನ ಇತರ ಅಧಿಕಾರಿಗಳಿಗೂ ಕಾಣಿಸಿದ ವಾಸ್ತುಶಿಲ್ಪಿಗಳೆಲ್ಲ ಪುಸ್ತಕ ತೆರೆದು ಹಳೆಯ ಮಾದರಿಯೊಂದನ್ನು ಆರಿಸಿ ಇಳಿಸುವವರೇ ಆಗಿದ್ದರು. ತಮ್ಮ ಕೆಲಸದ ಸ್ವರೂಪವೇ ಮಾತಾಡುವಂಥ ಕಟ್ಟಡ ಬೇಕೆಂದು ಹುಡುಕುತ್ತಿದ್ದಾಗ, 1906ರಲ್ಲಿ, ‘ದಿ ಕ್ರಾಫ್ಟ್ಸ್‌ಮನ್’ ಎಂಬ ಮಾಸಪತ್ರಿಕೆಯಲ್ಲಿ ವಾಸ್ತುಶಿಲ್ಪವೆಂದರೇನು ಎಂಬುದನ್ನು ವಿಚಾರಿಸುವ ಒಂದು ಪ್ರಬಂಧ ಬೆನೆಟ್ಟನ ಕಣ್ಣಿಗೆ ಬಿದ್ದಿತು. ಬರೆದವನು ಷಿಕಾಗೋ ನಗರದ ಲೂಯಿ ಸಲ್ಲಿವನ್. ಒಂದು ಲೇಖನವನ್ನು ಓದಿ ಲೇಖಕನಿಗೆ ಮೆಚ್ಚುಗೆಯ ಕಾಗದ ಬರೆಯುವವರು ಬಹಳ. ಲೇಖಕನನ್ನು ಕರೆಸಿ ಬ್ಯಾಂಕು ಕಟ್ಟಿಸಿದವನು ಬೆನೆಟ್ಟನೊಬ್ಬನೇ ಇರಬೇಕು.

ಆ ಕರೆ ಬಂದಾಗ ಸಲ್ಲಿವನ್ನನಿಗೆ ಐವತ್ತು ವರ್ಷ. ಕೀರ್ತಿಯ ಶಿಖರವನ್ನು ದಾಟಿ ಇಳಿಜಾರಿನಲ್ಲಿ ಬಂದಿದ್ದನು. 1856ರಲ್ಲಿ ಬಾಸ್ಟನ್ನಿನಲ್ಲಿ ಹುಟ್ಟಿದ ಈತ, ಡ್ಯಾಂಕ್‌ಮರ್ ಆಡ್ಲರನೆಂಬ ಸಮರ್ಥ ಎಂಜಿನಿಯರನ ಜೊತೆಯಲ್ಲಿ ಷಿಕಾಗೋವಿನ ಆಡಿಟೋರಿಯಂ ಸೌಧ, ಸೇಂಟ್ ಲೂಯಿಸ್ ನಗರದ ವೇಯ್ನ್‌ರೈಟ್ ಸೌಧ, ಬಫಲೋ ನಗರದ ಗ್ಯಾರಂಟಿ ಸೌಧ ಇವುಗಳನ್ನು ರಚಿಸಿ, ಉಕ್ಕಿನ ಹಂದರದ ಬಹುಮಹಡಿ ಕಟ್ಟಡಕ್ಕೆ ತಕ್ಕ ರೂಪವನ್ನು ಮೊದಲು ಕಂಡುಕೊಟ್ಟವರಲ್ಲಿ ಅಗ್ರಗಣ್ಯನೆನಿಸಿದ್ದನು. ಕಟ್ಟಡದ ರೂಪ ಅದರ ಪ್ರಯೋಜನವನ್ನು ಅನುಸರಿಸಿಯೇ ಹುಟ್ಟಬೇಕೆಂದು 1896ರಲ್ಲಿ ಈತ ಬರೆದ ವಾಕ್ಯ ಮುಂದೆ ಜಗತ್ತಿನ ವಾಸ್ತುಶಿಲ್ಪಿಗಳ ಬಾಯಲ್ಲೆಲ್ಲ ನಲಿದಾಡಿತು. ಆದರೆ 1893ರಲ್ಲಿ ಷಿಕಾಗೋವಿನಲ್ಲಿ ನಡೆದ ವಿಶ್ವ ಪ್ರದರ್ಶನದ ಬಿಳಿಯ ಕಂಬಗಳ ಅರಮನೆಗಳು ದೇಶದ ಅಭಿರುಚಿಯನ್ನು ಮತ್ತೆ ರೋಮಿನ ಕಡೆಗೆ ತಿರುಗಿಸಿದುವು. ಆ ಬಿಳುಪಿನ ನಡುವೆ ಬಣ್ಣಬಣ್ಣದ ಸಾರಿಗೆ ಭವನವನ್ನೂ ಅದಕ್ಕೊಂದು ಚಿನ್ನದ ಮಹಾದ್ವಾರವನ್ನೂ ನಿರ್ಮಿಸಿ ಎದುರು ನಿಂತವನು ಸಲ್ಲಿವನ್. ಆ ಪ್ರದರ್ಶನ ಮಾಡಿದ ಕೇಡು ಅರ್ಧ ಶತಮಾನ ಉಳಿಯುವುದೆಂದು ಆತ ಕೊನೆಯವರೆಗೂ ನಂಬಿದ್ದನು. 1895ರಲ್ಲಿ ಆಡ್ಲರನೊಡನೆ ಪಾಲುಗಾರಿಕೆ ಮುರಿಯಿತು. ದೊಡ್ಡ ನಗರಗಳ ದೊಡ್ಡ ಕೆಲಸಗಳು ಒಂದೊಂದಾಗಿ ಕೈಬಿಟ್ಟುವು. ಮಹಾನಗರವು ಮರೆಯತೊಡಗಿದ ಶಿಲ್ಪಿಯನ್ನು ಒಂದು ಹಳ್ಳಿಗಾಡಿನ ಊರು ಕೈಹಿಡಿದು ಕರೆಯಿತು.

ಈಗ ಕಟ್ಟಡವನ್ನು ನೋಡೋಣ. ಉದ್ಯಾನದ ಕಡೆಯಿಂದ ನೋಡುವವನಿಗೆ ಮೊದಲು ಕಾಣುವುದು ಒಂದು ಘನಾಕೃತಿ: ಅಗಲ 68 ಅಡಿ, ಉದ್ದವೂ 68 ಅಡಿ. ಕೆಳಗೆ ಕೆಂಪು ಮರಳುಗಲ್ಲಿನ ದಪ್ಪನೆಯ ಅಧಿಷ್ಠಾನ, ಅದರೊಳಗೆ ಆಳವಾಗಿ ಕೊರೆದಂತಿರುವ ಸಣ್ಣ ಸಣ್ಣ ಕಿಟಕಿಗಳು. ಮೇಲೆ ಇಟ್ಟಿಗೆಯ ಗೋಡೆ. ತುದಿಯಲ್ಲಿ ವರಸೆ ವರಸೆಯಾಗಿ ಮುಂದಕ್ಕೆ ಚಾಚಿಕೊಂಡ ಇಟ್ಟಿಗೆಯ ಕಪೋತ. ಬೀದಿಯ ಕಡೆಗಿರುವ ಎರಡು ಮುಖಗಳಲ್ಲಿಯೂ ಒಂದೊಂದು ಅರ್ಧವೃತ್ತದ ಕಮಾನು; ಅದರ ಅಗಲ 36 ಅಡಿ, ಅಂದರೆ ಗೋಡೆಯ ಅರ್ಧಕ್ಕಿಂತಲೂ ಹೆಚ್ಚು. ಇಷ್ಟೇ. ಕಂಬವಿಲ್ಲ, ಗೋಪುರವಿಲ್ಲ, ವಿಗ್ರಹವಿಲ್ಲ. ಈ ಸರಳತೆಯೇ ಕಟ್ಟಡಕ್ಕೆ ಗಾತ್ರಕ್ಕೆ ಮೀರಿದ ಗಾಂಭೀರ್ಯವನ್ನು ಕೊಟ್ಟಿದೆ: ಅಕ್ಕಪಕ್ಕದ ಅಂಗಡಿಗಳಿಗಿಂತ ಬಹಳ ಎತ್ತರವೇನೂ ಅಲ್ಲದ ಈ ಚೌಕ, ಛಾಯಾಚಿತ್ರದಲ್ಲಿ ನೋಡುವವರಿಗೆ ಒಂದು ಮಹಾಸೌಧವೆಂಬ ಭ್ರಮೆಯನ್ನು ಹುಟ್ಟಿಸುತ್ತದೆ. ಹಣವನ್ನು ಕಾಯುವ ಭದ್ರತೆಗೆ ಕಲ್ಲಿನ ಅಧಿಷ್ಠಾನ, ಬೆಳಕಿಗೂ ಸ್ವಾಗತಕ್ಕೂ ಕಮಾನು: ಪೆಟ್ಟಿಗೆಯ ಬಿಗಿತ ಒಂದು ಕಡೆ, ತೆರೆದ ಮನಸ್ಸು ಇನ್ನೊಂದು ಕಡೆ. ಗ್ರೀಕರ ಕಂಬಗಳು ಹೇಳಬೇಕೆಂದಿದ್ದ ಮಾತನ್ನೇ ಗ್ರೀಕರ ಹಂಗಿಲ್ಲದೆ ಹೇಳಿದ ಬಗೆ ಇದು.

ಆದರೆ ಹತ್ತಿರ ಬಂದಂತೆ ಈ ಸರಳತೆಯೊಳಗಿನ ಸಮೃದ್ಧಿ ಬಿಚ್ಚಿಕೊಳ್ಳತೊಡಗುತ್ತದೆ. ಇಟ್ಟಿಗೆಗಳೆಲ್ಲ ಒಂದೇ ಬಣ್ಣದವಲ್ಲ. ಕೆಂಪು, ಕಂದು, ನಸುಗೆಂಪು, ಹೊಗೆಗಪ್ಪು ಎಂದು ಹಲವು ಛಾಯೆಗಳನ್ನು ಬೆರೆಸಿ ಜೋಡಿಸಿದ ಗೋಡೆ ದೂರಕ್ಕೆ ಮೃದುವಾಗಿ ಮಿನುಗುತ್ತದೆ. ಇಂಥ ಗೋಡೆಯನ್ನು ಸಲ್ಲಿವನ್ ಪೌರ್ವಾತ್ಯ ದೇಶಗಳ ಹಳೆಯ ರತ್ನಗಂಬಳಿಗೆ ಹೋಲಿಸಿದುದುಂಟು. ಗೋಡೆಯ ಅಂಚನ್ನು ಹಿಡಿದು ಸುತ್ತಲೂ ಒಂದು ಆಯತದಂತೆ ಕಂಚುಹಸಿರು ಬಣ್ಣದ ಸುಟ್ಟ ಮಣ್ಣಿನ ಪಟ್ಟಿ, ಅದರ ಜೊತೆಯಲ್ಲಿ ನೀಲಿಹಸಿರು ಗಾಜಿನ ಚೂರುಗಳನ್ನು ಕೂಡಿಸಿದ ಇನ್ನೊಂದು ಪಟ್ಟಿ. ಪಟ್ಟಿಗಳು ಕೂಡುವ ಮೇಲ್ಮೂಲೆಗಳಲ್ಲಿ ಒಂದೊಂದು ದೊಡ್ಡ ಅಲಂಕಾರ ಫಲಕ. ಇಳಕಲ್ ಸೀರೆಯ ಒಡಲನ್ನು ಸಾದಾ ಬಿಟ್ಟು ಅಂಚು ಸೆರಗುಗಳಲ್ಲಿ ಕೈಚಳಕವನ್ನೆಲ್ಲ ತೋರುವ ನೇಕಾರನ ವಿವೇಕವೇ ಇಲ್ಲಿಯದೂ: ಅಲಂಕಾರವು ಎಲ್ಲೆಲ್ಲಿಯೂ ಹರಡಿಕೊಂಡು ಅಗ್ಗವಾಗದೆ, ಕಣ್ಣು ಎಲ್ಲಿ ನಿಲ್ಲಬೇಕೋ ಅಲ್ಲಿ ಮಾತ್ರ ಸಾಂದ್ರವಾಗಿ ಕುಳಿತಿದೆ.

ಆ ಮೂಲೆಯ ಫಲಕವೊಂದನ್ನು ತಾಳ್ಮೆಯಿಂದ ನೋಡಬೇಕು. ನಡುವೆ ಒಂದು ಗಟ್ಟಿಯಾದ ರೇಖಾಕೃತಿ. ಅದರಿಂದ ಎದ್ದ ಕಾಂಡದಂಥ ಗೆರೆ ಸುತ್ತಿಕೊಂಡು ಎಲೆಯಾಗುತ್ತದೆ, ಎಲೆಯ ಅಂಚು ಸೀಳಿ ಕಿರುಎಲೆಗಳಾಗುತ್ತವೆ, ಅವು ಮಡಿಚಿ ಒಂದರ ಬೆನ್ನಿಗೆ ಒಂದು ಆತುಕೊಂಡು, ಮತ್ತೆ ಬಳುಕಿ ಮೂಲದ ರೇಖೆಗೇ ಬಂದು ಸೇರುತ್ತವೆ. ಕೆಳಗಿನ ಗಣಿತವನ್ನು ಮೇಲಿನ ಜೀವ ಮರೆಮಾಡುವುದಿಲ್ಲ, ಮೇಲಿನ ಜೀವವನ್ನು ಕೆಳಗಿನ ಗಣಿತ ಅಮುಕುವುದೂ ಇಲ್ಲ. ಯಾವ ದೇಶದ ಯಾವ ಗಿಡದ ಎಲೆ ಇದು ಎಂದು ಕೇಳಿದರೆ ಉತ್ತರವಿಲ್ಲ. ಎಲೆಯೊಂದು ಹುಟ್ಟಿ ಬೆಳೆಯುವ ಕ್ರಿಯೆಯನ್ನೇ ಶಿಲ್ಪಿ ರೂಪಿಸಿದ್ದಾನೆ. ಸಸ್ಯಶಾಸ್ತ್ರದ ಪುಸ್ತಕಗಳನ್ನು ಆಸಕ್ತಿಯಿಂದ ಓದಿದ್ದ ಸಲ್ಲಿವನ್ನನಿಗೆ ಬೀಜವೇ ಆದರ್ಶವಾಗಿತ್ತು. ಬೀಜದೊಳಗಿನ ಸಂಕಲ್ಪ ಮೊಳಕೆಯಾಗಿ, ಕಾಂಡವಾಗಿ, ಎಲೆಯಾಗಿ ಹೊರಬರುವಂತೆ ಕಟ್ಟಡದ ಉದ್ದೇಶ ಗೋಡೆಯಾಗಿ, ಕಮಾನಾಗಿ, ಕೊನೆಗೆ ಅಲಂಕಾರವಾಗಿ ಹೊರಹೊಮ್ಮಬೇಕೆಂಬುದು ಆತನ ಸಿದ್ಧಾಂತ. ತನ್ನ ಕೊನೆಯ ದಿನಗಳಲ್ಲಿ ಅಲಂಕರಣ ಪದ್ಧತಿಯನ್ನು ಕುರಿತು ಆತ ಬರೆದ 20 ಚಿತ್ರಫಲಕಗಳಲ್ಲಿ ಚೌಕ ವೃತ್ತಗಳಂಥ ನಿರ್ಜೀವ ಆಕೃತಿಗಳು ಹಂತಹಂತವಾಗಿ ಚಿಗುರೊಡೆಯುವುದನ್ನು ಕಾಣಬಹುದು. ರೂಪವು ಪ್ರಯೋಜನವನ್ನು ಅನುಸರಿಸಬೇಕೆಂದ ಮಾತನ್ನು ಹಿಡಿದು ಅಲಂಕಾರವನ್ನೇ ಗಡೀಪಾರು ಮಾಡಿದ ಮುಂದಿನ ಪೀಳಿಗೆಯವರು ಈ ಫಲಕಗಳನ್ನು ಒಮ್ಮೆ ತೆರೆದು ನೋಡಬೇಕಾಗಿತ್ತು. ಅಲಂಕಾರವು ಕಟ್ಟಡದ ಮೇಲೆ ಅಂಟಿಸಿದುದಾಗದೆ ಕಟ್ಟಡದಿಂದ ಮೂಡಿದುದಾಗಬೇಕೆಂದಷ್ಟೇ ಸಲ್ಲಿವನ್ ಹೇಳಿದುದು.

ಇಷ್ಟು ಸೂಕ್ಷ್ಮವಾದ ಕೆಲಸಕ್ಕೆ ಕಲ್ಲನ್ನು ಬಿಟ್ಟು ಮಣ್ಣನ್ನು ಹಿಡಿದುದೇಕೆ? ಕಲ್ಲಿನಲ್ಲಿ ಇಷ್ಟನ್ನೂ ಕೆತ್ತಿಸಬೇಕಾದರೆ ಊರಿನ ಬ್ಯಾಂಕಿಗೆ ತಾಳುವ ಖರ್ಚಲ್ಲ. ಅದಕ್ಕಿಂತ ಮುಖ್ಯವಾಗಿ, ಮಣ್ಣಿಗಿರುವ ಮೆತುಮೈ ಕಲ್ಲಿಗಿಲ್ಲ. ಮಂಗಳೂರು ಹಂಚನ್ನು ಕಂಡ ನಮಗೆ ಜೇಡಿಮಣ್ಣು ಅಚ್ಚಿನಲ್ಲಿ ಕುಳಿತು, ಆವುಗೆಯಲ್ಲಿ ಬೆಂದು, ಮಳೆಬಿಸಿಲಿಗೆ ಜಗ್ಗದ ಗಟ್ಟಿತನವನ್ನು ಪಡೆಯುವ ಪ್ರಕ್ರಿಯೆ ಹೊಸದಲ್ಲ. ಟೆರಕೋಟ ಎಂದು ಕರೆಯುವುದು ಇದನ್ನೇ. ಪೆನ್ಸಿಲಿನಲ್ಲಿ ಬರೆದ ಚಿತ್ರವನ್ನು ನೋಡಿಕೊಂಡು ಪ್ರತಿಮಾಕಾರನು ಮೊದಲು ಹಸಿಮಣ್ಣಿನಲ್ಲಿ ಮಾದರಿಯನ್ನು ತಿದ್ದುತ್ತಾನೆ; ಮಾದರಿಯಿಂದ ಪ್ಲಾಸ್ಟರಿನ ಅಚ್ಚು; ಅಚ್ಚಿಗೆ ಮಣ್ಣನ್ನು ಕೈಯಿಂದ ಒತ್ತಿ ತೆಗೆದು, ಒಣಗಿಸಿ, ಬಣ್ಣದ ಲೇಪವನ್ನು ಕೊಟ್ಟು ಸುಡುತ್ತಾರೆ. ಒಣಗುವಾಗಲೂ ಬೇಯುವಾಗಲೂ ಮಣ್ಣು ಕುಗ್ಗುವುದರಿಂದ ಎಷ್ಟು ಕುಗ್ಗುವುದೆಂದು ಮೊದಲೇ ಎಣಿಸಿ ಮಾದರಿಯನ್ನು ಅಷ್ಟು ದೊಡ್ಡದಾಗಿ ಮಾಡಬೇಕು; ಎಣಿಕೆ ತಪ್ಪಿದರೆ ಪಟ್ಟಿಯ ಒಂದು ತುಂಡಿಗೂ ಮುಂದಿನ ತುಂಡಿಗೂ ಎಲೆ ಕೂಡುವುದಿಲ್ಲ. ಓವಟಾನದ ಕೆಲಸವನ್ನು ಮಾಡಿದುದು ಇಲಿನಾಯ್ ಸಂಸ್ಥಾನದ ‘ಅಮೆರಿಕನ್ ಟೆರಕೋಟ’ ಕಾರ್ಖಾನೆ. ಮಣ್ಣಿನಲ್ಲಿ ತಿದ್ದಿದ ಕೈ ಕ್ರಿಸ್ಟಿಯನ್ ಶ್ನೈಡರನದು. ಸಲ್ಲಿವನ್ನನ ಗೆರೆಯ ಇಂಗಿತವನ್ನು ಅರಿತು ಅನೇಕ ವರ್ಷ ದುಡಿದ ಈ ಕುಶಲಿಯ ಹೆಸರನ್ನು ಹೇಳದೆ ಈ ಅಲಂಕಾರವನ್ನು ಹೊಗಳುವುದು ನ್ಯಾಯವಲ್ಲ.

ನ್ಯಾಯದ ಮಾತು ಬಂದುದರಿಂದ ಇನ್ನೊಬ್ಬನನ್ನೂ ಇಲ್ಲಿಯೇ ನೆನೆಯಬೇಕು. ಸಲ್ಲಿವನ್ನನ ಕಚೇರಿಯ ಮುಖ್ಯ ನಕ್ಷೆಗಾರ ಜಾರ್ಜ್ ಗ್ರಾಂಟ್ ಎಲ್ಮ್ಸ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದವನು. ಮೊದಲ ಕರಡಿನಲ್ಲಿ ಒಂದೊಂದು ಮುಖಕ್ಕೂ ಮೂರು ಕಮಾನುಗಳಿದ್ದುವೆಂದೂ, ಅವುಗಳನ್ನು ಬಿಟ್ಟು ಒಂದೇ ಮಹಾಕಮಾನನ್ನು ಇಡಬೇಕೆಂಬ ಸಲಹೆ ತನ್ನದೆಂದೂ ಆತ ಮುಂದೆ ಹೇಳಿದ್ದಾನೆ. ಅಲಂಕಾರದ ಬಹುಭಾಗ ಆತನ ಕೈಯಿಂದಲೇ ಇಳಿದುದೆಂಬುದನ್ನು ವಿದ್ವಾಂಸರು ಒಪ್ಪುತ್ತಾರೆ. ಆದರೂ ಕಟ್ಟಡವನ್ನು ಸಲ್ಲಿವನ್ನನದೆಂದು ಕರೆಯುವುದರಲ್ಲಿ ತಪ್ಪಿಲ್ಲವೆಂದು ನನಗೆ ತೋರುತ್ತದೆ. ಏಕೆಂದರೆ ಕೈ ಯಾರದಾದರೂ ಆ ಕೈಗೆ ಭಾಷೆಯನ್ನು ಕಲಿಸಿದವನು ಆತನೇ, ಮತ್ತು ಈ ಕಟ್ಟಡದ ಪ್ರಾಣವಾದ ಬಣ್ಣ ಸಂಪೂರ್ಣವಾಗಿ ಆತನದು.

ಬಣ್ಣವನ್ನು ಕಾಣಬೇಕಾದರೆ ಒಳಗೆ ಹೋಗಬೇಕು. ತಗ್ಗಾದ ಬಾಗಿಲನ್ನು ದಾಟಿದೊಡನೆ ಸಿಗುವುದು ಕಟ್ಟಡದ ಪೂರ್ತಿ ಎತ್ತರಕ್ಕೆ ತೆರೆದುಕೊಂಡ ಒಂದೇ ಅಂಗಣ. ಹೊರಗಿನಿಂದ ಕಂಡ ಎರಡು ಕಮಾನುಗಳು ಇಲ್ಲಿ ನಾಲ್ಕಾಗಿವೆ: ಎರಡರಲ್ಲಿ ಗಾಜು, ಎದುರಿನ ಎರಡರಲ್ಲಿ ಭಿತ್ತಿಚಿತ್ರ. ಗಾಜು ಲೂಯಿ ಮಿಲೆ ಎಂಬ ಕಲಾವಿದನ ಕೆಲಸ. ಹಾಲು ಬೆರೆತಂತಿರುವ ಹಸಿರು ಹಳದಿ ಗಾಜಿನ ತುಂಡುಗಳನ್ನು ಸೀಸದ ಪಟ್ಟಿಗಳಲ್ಲಿ ಕೂಡಿಸಿದ ಈ ಕಿಟಕಿಗಳ ಮೂಲಕ ಬಿಸಿಲು ನೇರವಾಗಿ ಬಂದು ಕಣ್ಣನ್ನು ಕುಕ್ಕುವುದಿಲ್ಲ. ಸೋಸಿ, ತಂಪಾಗಿ, ತೋಪಿನ ಕೆಳಗೆ ಎಲೆಗಳನ್ನು ಹಾದು ಬರುವ ಬೆಳಕಿನ ಬಣ್ಣವನ್ನು ತಳೆದು, ನೆಲದವರೆಗೆ ಇಳಿಯುತ್ತದೆ. ಮಾಡಿನ ನಡುವೆಯೂ ಒಂದು ಬಣ್ಣದ ಗಾಜಿನ ಗವಾಕ್ಷಿಯುಂಟು. ಗೋಡೆಗಳ ಕೆಳಭಾಗ ಇಟ್ಟಿಗೆ. ಅದಕ್ಕೆ ಮೇಲಂಚಾಗಿ ಹಸಿರು ಬಿಲ್ಲೆಗಳು. ಅದರ ಮೇಲೆ ಗಾರೆಯ ಮೈಯಲ್ಲಿ ಕೊರೆದ ಅಚ್ಚುಗಳನ್ನಿಟ್ಟು ಬಿಡಿಸಿದ ಹಲವು ಬಣ್ಣಗಳ ಚಿತ್ತಾರ. ಈ ಕಟ್ಟಡದ ಒಳಗೆ ಹೊರಗಣ ಪ್ರಕೃತಿಯನ್ನೇ ತಂದು ತುಂಬಬೇಕು, ಬಣ್ಣಗಳದೊಂದು ಸ್ವರಮೇಳವನ್ನು ಕಟ್ಟಬೇಕು ಎಂದು ಸಲ್ಲಿವನ್ ಬೆನೆಟ್ಟನಿಗೆ ಕಾಗದ ಬರೆದಿದ್ದನು. ಆ ವಸಂತಋತುವೆಲ್ಲ ಹೊರಗೆ ಸುತ್ತಿ ಬಣ್ಣಗಳ ಅಭ್ಯಾಸದಲ್ಲಿಯೇ ಮುಳುಗಿದ್ದನು. ಸಂಗೀತವನ್ನು ಬಿಟ್ಟು ಬ್ಯಾಂಕಿಗೆ ಬಂದಿದ್ದ ಬೆನೆಟ್ಟನಿಗೆ ಆ ಕಾಗದವನ್ನು ಓದಿ ಏನೆನ್ನಿಸಿರಬಹುದೆಂಬುದನ್ನು ಊಹಿಸುವುದು ಕಷ್ಟವಲ್ಲ.

ಭಿತ್ತಿಚಿತ್ರಗಳನ್ನು ಬರೆದವನು ವಿಯೆನ್ನದಿಂದ ಬಂದ ಆಸ್ಕರ್ ಗ್ರಾಸ್. ಒಂದರಲ್ಲಿ ಕೊಯ್ಲು, ಇನ್ನೊಂದರಲ್ಲಿ ಹಸಿರು ಗಾವಲಿನಲ್ಲಿ ಮೇಯುತ್ತ, ಮಲಗಿ ಮೆಲುಕು ಹಾಕುತ್ತ ಇರುವ ಹಸುಗಳು. ಬ್ಯಾಂಕುಗಳ ಗೋಡೆಯ ಮೇಲೆ ಲಕ್ಷ್ಮಿಯಂಥ ದೇವತೆಗಳನ್ನೋ ರೋಮನ್ ವೇಷದ ವಾಣಿಜ್ಯದೇವನನ್ನೋ ಚಿತ್ರಿಸುವುದೇ ವಾಡಿಕೆಯಾಗಿದ್ದ ಕಾಲ ಅದು. ಇಲ್ಲಿಯ ರೈತ ಹಣ ಕಟ್ಟಲು ನಿಂತು ತಲೆಯೆತ್ತಿದರೆ ಕಾಣುತ್ತಿದ್ದುದು ತನ್ನ ಕೊಟ್ಟಿಗೆಯ ದನ, ತನ್ನ ಹೊಲದ ಪೈರು. ಊರಿನ ಐಶ್ವರ್ಯ ಬಂದುದು ಎಲ್ಲಿಂದ ಎಂಬುದನ್ನು ಇದಕ್ಕಿಂತ ಋಜುವಾಗಿ ಹೇಳಿದ ಬ್ಯಾಂಕನ್ನು ನಾನು ಕೇಳಿಲ್ಲ.

ಅಂಗಣದ ನಾಲ್ಕು ಕಡೆ ನಾಲ್ಕು ಎರಕದ ಕಬ್ಬಿಣದ ತೂಗುದೀಪಗಳು. ಒಂದೊಂದರ ತೂಕ ಸುಮಾರು ಎರಡೂ ಕಾಲು ಟನ್ನು. ಎಲ್ಮ್ಸ್ಲಿ ರಚಿಸಿದ ಈ ದೀಪಗಳನ್ನು ಷಿಕಾಗೋವಿನ ವಿನ್ಸ್ಲೋ ಸಹೋದರರ ಕಾರ್ಖಾನೆ ಎರಕ ಹೊಯ್ದುಕೊಟ್ಟಿತು. ಮೇಲಿನಿಂದ ಇಳಿಬಿದ್ದ ಕಬ್ಬಿಣದ ದಂಡ ಕೆಳಗೆ ಬಂದಂತೆ ಎಲೆಯಾಗಿ, ಸುರುಳಿಯಾಗಿ, ಗೊಂಡೆಯಾಗಿ ಅರಳಿ, ಆ ಎಲೆಗಳ ನಡುವೆ ಗಾಜಿನ ಗೋಳಗಳನ್ನು ಹಿಡಿದುಕೊಂಡಿರುವುದನ್ನು ನೋಡಿದರೆ ಎರಡು ಟನ್ನು ಕಬ್ಬಿಣ ತಲೆಯ ಮೇಲೆ ತೂಗುತ್ತಿದೆಯೆಂಬ ಅಳುಕು ಹುಟ್ಟುವುದೇ ಇಲ್ಲ. ವಿದ್ಯುದ್ದೀಪ ಇನ್ನೂ ಹೊಸದಾಗಿದ್ದ ಕಾಲದಲ್ಲಿ ಅದಕ್ಕೆ ಹಳೆಯ ಮೇಣದಬತ್ತಿಯ ಗೊಂಚಲಿನ ವೇಷವನ್ನು ಹಾಕದೆ ಅದರದೇ ಆದ ರೂಪವನ್ನು ಹುಡುಕಿದ ಪ್ರಯತ್ನಗಳಲ್ಲಿ ಇದನ್ನು ಮುಂದಿನ ಸಾಲಿನಲ್ಲಿ ನಿಲ್ಲಿಸಬೇಕು.

ಕಟ್ಟಡದ ವಿನ್ಯಾಸದಲ್ಲಿಯೂ ಇದೇ ಔದಾರ್ಯ. ನಡುವೆ ಜನರು ನಿಲ್ಲುವ ಜಾಗ; ಅದರ ಸುತ್ತ ಗುಮಾಸ್ತರ ಕೌಂಟರುಗಳು; ಬಾಗಿಲಿಂದ ಬಂದವರ ಕಣ್ಣಿಗೆ ಬೀಳುವಂತೆ ಖಜಾನೆ, ಏಕೆಂದರೆ ತನ್ನ ಹಣವಿರುವ ಜಾಗವನ್ನು ಕಾಣುವುದು ಠೇವಣಿದಾರನ ಹಕ್ಕು. ಅಧಿಕಾರಿಗಳು ಮರೆಯ ಕೋಣೆಯಲ್ಲಿ ಅಡಗದೆ ಜನರಿಗೆ ಸುಲಭವಾಗಿ ಸಿಗುವಂತೆ ಕುಳಿತಿರುತ್ತಿದ್ದರು. ರೈತರು ಸೇರಿ ಮಾತಾಡಲು ಒಂದು ಕೊಠಡಿ. ಹಳ್ಳಿಗಳಿಂದ ಗಾಡಿ ಕಟ್ಟಿಕೊಂಡು ಬಂದ ಹೆಂಗಸರು ಮಕ್ಕಳೊಡನೆ ದಣಿವಾರಿಸಿಕೊಳ್ಳಲು ಇನ್ನೊಂದು. ಕಟ್ಟಡ ಮುಗಿದ ಮೇಲೆ, 1908ರ ಕೊನೆಯಲ್ಲಿ, ತನಗೆ ಸಲ್ಲಿವನ್ನನನ್ನು ಪರಿಚಯ ಮಾಡಿಕೊಟ್ಟ ಅದೇ ‘ಕ್ರಾಫ್ಟ್ಸ್‌ಮನ್’ ಪತ್ರಿಕೆಯಲ್ಲಿ ಬೆನೆಟ್ಟನು ಈ ರೈತರ ಬ್ಯಾಂಕನ್ನು ಕುರಿತು ತಾನೇ ಒಂದು ಲೇಖನವನ್ನು ಬರೆದು ಋಣವನ್ನು ತೀರಿಸಿದನು.

ಆಮೇಲಿನ ಕಥೆ ಸುಖದ್ದಲ್ಲ. ಬ್ಯಾಂಕು ತೆರೆದ ಮರುವರ್ಷವೇ ಕೆಲಸವಿಲ್ಲದೆ, ಸಂಬಳ ಕೊಡಲಾರದೆ, ಇಪ್ಪತ್ತು ವರ್ಷ ಜೊತೆಗಿದ್ದ ಎಲ್ಮ್ಸ್ಲಿಯನ್ನು ಸಲ್ಲಿವನ್ ಕಳೆದುಕೊಂಡನು, ಹೆಂಡತಿ ಬಿಟ್ಟುಹೋದಳು, ಆ ವರ್ಷದ ನವೆಂಬರಿನಲ್ಲಿ ಆತನ ಪುಸ್ತಕಗಳೂ ಕಲಾವಸ್ತುಗಳೂ ಹರಾಜಾದುವು. ಆದರೂ ಓವಟಾನದ ಖ್ಯಾತಿಯಿಂದ ಅಯೋವ, ಓಹಾಯೊ, ಇಂಡಿಯಾನ, ವಿಸ್ಕಾನ್ಸಿನ್ ಸಂಸ್ಥಾನಗಳ ಸಣ್ಣ ಊರುಗಳಿಂದ ಒಂದೊಂದೇ ಕರೆ ಬಂದು, 1919ರೊಳಗೆ ಇನ್ನೂ ಏಳು ಪುಟ್ಟ ಕಟ್ಟಡಗಳು ಆತನ ಕೈಯಿಂದ ಹೊರಟುವು. 1924ರ ಏಪ್ರಿಲ್ 14ರಂದು ಷಿಕಾಗೋವಿನ ಒಂದು ಹೋಟೆಲಿನ ಕೋಣೆಯಲ್ಲಿ ಬಡತನದಲ್ಲಿ ಆತ ತೀರಿಕೊಂಡನು. ಅಮೆರಿಕದ ವಾಸ್ತುಶಿಲ್ಪಿಗಳ ಸಂಸ್ಥೆ ತನ್ನ ಚಿನ್ನದ ಪದಕವನ್ನು ಆತನಿಗೆ ಕೊಟ್ಟುದು ಇಪ್ಪತ್ತು ವರ್ಷಗಳ ಅನಂತರ. ಮೊದಲ ಮಹಾಯುದ್ಧ ಮುಗಿದ ಮೇಲೆ ಧಾನ್ಯದ ಬೆಲೆ ಕುಸಿದು, ಸಾಲ ಮಾಡಿ ಭೂಮಿ ಕೊಂಡಿದ್ದ ರೈತರು ತತ್ತರಿಸಿ, ಅವರೊಡನೆ ಹಳ್ಳಿಗಾಡಿನ ಬ್ಯಾಂಕುಗಳು ನೂರಾರು ಸಂಖ್ಯೆಯಲ್ಲಿ ಬಿದ್ದಾಗ, 1926ರಲ್ಲಿ ಬೆನೆಟ್ಟನ ಬ್ಯಾಂಕೂ ಮುಳುಗಿತು. ಕಟ್ಟಡ ಬೇರೊಂದು ಬ್ಯಾಂಕಿನ ಕೈಗೆ ಹೋಯಿತು.

ಕಟ್ಟಡಕ್ಕೆ ನಿಜವಾದ ಅಪಾಯ ಬಂದುದು 1940ರ ಸುಮಾರಿಗೆ. ಆಧುನಿಕಗೊಳಿಸುವ ಹೆಸರಿನಲ್ಲಿ ಒಳಗಿನ ಹಳೆಯ ಕೌಂಟರುಗಳನ್ನೂ ಅವುಗಳ ಮೇಲಿದ್ದ ಎಲೆಬಳ್ಳಿಯ ಲೋಹದ ಜಾಲಂಧ್ರಗಳನ್ನೂ ಕಿತ್ತುಹಾಕಿದರು. ಅವುಗಳಲ್ಲಿ ಉಳಿದ ತುಣುಕುಗಳು ಇಂದು ವಸ್ತುಸಂಗ್ರಹಾಲಯಗಳಲ್ಲಿವೆ. ಹದಿನೈದು ವರ್ಷಗಳ ಮೇಲೆ ಮತ್ತೆ ಬದಲಾವಣೆಯ ಮಾತು ಬಂದಾಗ ಬ್ಯಾಂಕಿನ ಆಡಳಿತ ಹಿಡಿದ ದಾರಿ ಬೇರೆ: ಹಾರ್ವೆಲ್ ಹ್ಯಾಮಿಲ್ಟನ್ ಹ್ಯಾರಿಸ್ ಎಂಬ ಪ್ರಸಿದ್ಧ ವಾಸ್ತುಶಿಲ್ಪಿಯನ್ನು ಕರೆಸಿ, ಉಳಿದಿದ್ದುದನ್ನು ಉಳಿಸಿ, ಹೊಸದಾಗಿ ಸೇರಿಸಬೇಕಾದುದನ್ನು ಮೂಲದ ಭಾವಕ್ಕೆ ಹೊಂದಿಸಿ, 1950ರ ದಶಕದ ಕೊನೆಯಲ್ಲಿ ಜೀರ್ಣೋದ್ಧಾರ ಮಾಡಿಸಿತು. ಗಮನಿಸಬೇಕಾದ ಮಾತೆಂದರೆ, ಆಗ ಈ ಕಟ್ಟಡಕ್ಕೆ ಯಾವ ಸ್ಮಾರಕದ ಪಟ್ಟವೂ ಇರಲಿಲ್ಲ. ಐತಿಹಾಸಿಕ ಸಂರಕ್ಷಣೆಯ ರಾಷ್ಟ್ರೀಯ ಶಾಸನ ಅಮೆರಿಕದಲ್ಲಿ ಬಂದುದು 1966ರಲ್ಲಿ; ಓವಟಾನದ ಬ್ಯಾಂಕು ರಾಷ್ಟ್ರೀಯ ದಾಖಲೆಗೆ ಸೇರಿದುದು 1971ರಲ್ಲಿ, ರಾಷ್ಟ್ರೀಯ ಐತಿಹಾಸಿಕ ಸ್ಮಾರಕವೆಂದು ಘೋಷಿತವಾದುದು 1976ರಲ್ಲಿ. 1981ರಲ್ಲಿ ಅದರ ಚಿತ್ರವುಳ್ಳ 18 ಸೆಂಟಿನ ಅಂಚೆಚೀಟಿಯೂ ಹೊರಟಿತು.

ಈ ಪಟ್ಟದ ಬಲವೆಷ್ಟು ಎಂಬುದನ್ನು ನಮ್ಮ ಓದುಗರು ತಿಳಿದಿರುವುದು ಒಳ್ಳೆಯದು. ನಮ್ಮಲ್ಲಿ ಸಂರಕ್ಷಿತ ಸ್ಮಾರಕವೆಂದು ಸರಕಾರ ಸಾರಿದ ಗುಡಿಯ ಒಂದು ಕಲ್ಲನ್ನು ಕದಲಿಸಿದರೂ ಅಪರಾಧ. ಅಮೆರಿಕದಲ್ಲಿ ಹಾಗಲ್ಲ. ಕಟ್ಟಡ ಖಾಸಗಿ ಸ್ವತ್ತಾಗಿದ್ದು, ಒಡೆಯನು ಕೇಂದ್ರ ಸರಕಾರದ ಹಣವನ್ನಾಗಲಿ ಅನುಮತಿಯನ್ನಾಗಲಿ ಬಳಸದೆ ತನ್ನ ಸ್ವಂತ ದುಡ್ಡಿನಿಂದ ಅದನ್ನು ಬದಲಿಸಹೊರಟರೆ, ಸ್ಥಳೀಯ ಕಾನೂನು ಅಡ್ಡ ಬಾರದ ಹೊರತು, ರಾಷ್ಟ್ರೀಯ ಸ್ಮಾರಕವೆಂಬ ಬಿರುದು ಅವನ ಕೈಯನ್ನು ಕಟ್ಟುವುದಿಲ್ಲ. ಬಿರುದಿನಿಂದ ಗೌರವವೂ, ಜೀರ್ಣೋದ್ಧಾರದ ಖರ್ಚಿಗೆ ತೆರಿಗೆಯಲ್ಲಿ ರಿಯಾಯಿತಿಯೂ ಸಿಗಬಹುದು. ರಕ್ಷಣೆ ಮಾತ್ರ ಕೊನೆಗೆ ಒಡೆಯನ ವಿವೇಕಕ್ಕೆ ಬಿಟ್ಟುದು. ಸಲ್ಲಿವನ್ನನ ಹೆಸರಾಂತ ಕೃತಿಗಳಲ್ಲಿ ಒಂದಾದ ಷಿಕಾಗೋ ಸ್ಟಾಕ್ ಎಕ್ಸ್‌ಚೇಂಜ್ ಸೌಧವನ್ನು ನಿವೇಶನದ ಬೆಲೆಗೋಸ್ಕರ 1972ರಲ್ಲಿ ಕೆಡವಿದರು. ಆ ಅವಶೇಷಗಳಿಂದ ಅಲಂಕಾರದ ತುಂಡುಗಳನ್ನು ಉಳಿಸಲು ಒಳಗೆ ಹೋಗಿದ್ದ ರಿಚರ್ಡ್ ನಿಕಲ್ ಎಂಬ ಛಾಯಾಚಿತ್ರಕಾರ ಕುಸಿದ ಕಟ್ಟಡದಡಿ ಸಿಕ್ಕಿ ಪ್ರಾಣಬಿಟ್ಟನು. ಆ ಸೌಧದ ಪ್ರವೇಶದ ಕಮಾನೊಂದು ಷಿಕಾಗೋವಿನ ಕಲಾಸಂಸ್ಥೆಯ ಹೊರಗೆ ಇಂದು ಒಂಟಿಯಾಗಿ ನಿಂತಿದೆ. ಮಹಾನಗರ ಉಳಿಸಲಾರದುದನ್ನು ಸಣ್ಣ ಊರು ಉಳಿಸಿತು. ಅಲ್ಲಿ ನೆಲದ ಬೆಲೆ ಗಗನಕ್ಕೇರಿರಲಿಲ್ಲವೆಂಬುದು ಒಂದು ಕಾರಣವಾದರೆ, ಕಟ್ಟಡ ಎಂದೂ ಪಾಳು ಬೀಳದೆ ತಾನು ಹುಟ್ಟಿದ ಕೆಲಸದಲ್ಲಿಯೇ ತೊಡಗಿದ್ದುದು ಇನ್ನೊಂದು ಕಾರಣ. ಬ್ಯಾಂಕಿನ ಹೆಸರು, ಒಡೆತನ ಹಲವು ಸಲ ಬದಲಾದರೂ ನೂರು ವರ್ಷ ತುಂಬಿದ 2008ರಲ್ಲಿಯೂ ಅಲ್ಲಿ ಹಣ ಕಟ್ಟುವ ಜನರ ಸಾಲು ನಿಲ್ಲುತ್ತಿತ್ತು.

ಸಲ್ಲಿವನ್ನನ ಉಳಿದ ಏಳು ಪುಟ್ಟ ಕಟ್ಟಡಗಳ ಭಾಗ್ಯ ಸಮನಾಗಿಲ್ಲ. ಅಯೋವದ ಸೀಡರ್ ರ್‍ಯಾಪಿಡ್ಸಿನ ಬ್ಯಾಂಕಿಗೆ 2008ರ ಪ್ರವಾಹದ ನೀರು ನುಗ್ಗಿತು. ಮುಂದೆ ಅದು ಉಪಾಹಾರಗೃಹವಾಯಿತು. ಬಾಗಿಲ ಮೇಲೆ ದೊಡ್ಡ ವೃತ್ತಾಕಾರದ ಅಲಂಕೃತ ಗವಾಕ್ಷವಿರುವ, ಅದೇ ಸಂಸ್ಥಾನದ ಗ್ರಿನೆಲ್ ಊರಿನ ಬ್ಯಾಂಕು ಊರಿನ ವಾಣಿಜ್ಯ ಮಂಡಲಿಯ ಕಚೇರಿಯಾಗಿದೆ. ಕೆಲವು ಒಳಗೆ ಬಹಳ ಕೆಟ್ಟಿವೆ. ಓಹಾಯೊದ ಸಿಡ್ನಿ, ವಿಸ್ಕಾನ್ಸಿನ್ನಿನ ಕೊಲಂಬಸ್ ಊರಿನವು ಚೆನ್ನಾಗಿ ಉಳಿದಿವೆ; ರೇಖೆಯ ನಯದಲ್ಲಿ ಇವು ಓವಟಾನವನ್ನು ಮೀರಿಸುತ್ತವೆಂದು ವಾದಿಸುವವರೂ ಉಂಟು. ನನ್ನ ಮತದಲ್ಲಿ ಎಂಟರಲ್ಲಿ ಮೊದಲನೆಯದೇ ಶ್ರೇಷ್ಠ. ಒಂದು ದೊಡ್ಡ ಆಕಾರ, ಸುತ್ತಣ ನೆಲದಿಂದ ಎತ್ತಿಕೊಂಡ ಬಣ್ಣ, ಒಳಗೆ ಬಂದವರನ್ನೆಲ್ಲ ಸಮಾನವಾಗಿ ತುಂಬಿಕೊಳ್ಳುವ ಬೆಳಕು, ಇವು ಮೂರೂ ಇಷ್ಟು ಸಹಜವಾಗಿ ಒಂದಾಗಿರುವುದು ಮತ್ತೆಲ್ಲಿಯೂ ಇಲ್ಲ.

ಮಿನಿಯಾಪೊಲಿಸಿನಲ್ಲಿಯೂ ಅದರ ಸುತ್ತಮುತ್ತಲೂ ನೆಲಸಿರುವ ಕನ್ನಡಿಗರು, ಅಲ್ಲಿಗೆ ಮಕ್ಕಳ ಮನೆಗೆಂದು ಹೋಗಿಬರುವ ಹಿರಿಯರು, ನಯಾಗರದ ಜೊತೆಗೆ ಇದನ್ನೂ ತಮ್ಮ ಪಟ್ಟಿಯಲ್ಲಿ ಸೇರಿಸಿಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ. ಕಾರಿನಲ್ಲಿ ಒಂದು ಗಂಟೆಯ ದಾರಿ. ರಜೆಯ ದಿನ ಹೋದರೆ ಹೊರಗಿನ ಗೋಡೆ ಮಾತ್ರ ಕಾಣುತ್ತದೆ. ಕೆಲಸದ ದಿನ, ಬಿಸಿಲಿರುವ ಹೊತ್ತಿನಲ್ಲಿ ಹೋಗಿ, ಮೊದಲು ಉದ್ಯಾನದಲ್ಲಿ ನಿಂತು ಕಮಾನನ್ನೂ, ಆಮೇಲೆ ಗೋಡೆಯ ಮೂಲೆಯಲ್ಲಿರುವ ಆ ಮಣ್ಣಿನ ಎಲೆಯನ್ನೂ ನೋಡಿ, ಒಳಗೆ ಹೋಗುವ ಅವಕಾಶವನ್ನು ಕೇಳಿಕೊಳ್ಳಿರಿ.